ತುದಿಯ ಸಾಲು

ಎರಡು ಸಾವಿರ ವರ್ಷ ಹಳೆಯದಾದ ಆ ರೋಮನ್ ರಂಗಮಂದಿರದಲ್ಲಿ ಇಂದಿಗೂ ನಾಟಕ ಆಡುತ್ತಾರೆ. ಸಂಜೆ ಅಲ್ಲಿ ದುರ್ಯೋಧನನ ವೇಷ ಕಟ್ಟಬೇಕಿದ್ದ ಗವಿಸಿದ್ದಪ್ಪನವರು ಕಲ್ಲಿನ ಮೆಟ್ಟಿಲುಗಳ ತುದಿಯ ಸಾಲಿನಲ್ಲಿ, ಕರ್ನಾಟಕದಿಂದ ಬಂದ ತಮ್ಮ ನಾಟಕ ತಂಡದವರ ನಡುವೆ ಕೂತಿದ್ದರು. ಕಣ್ಣು ಮಾತ್ರ ಕೆಳಗೆ ವೇದಿಕೆಯ ಮೇಲೆ ಮಾತಾಡುತ್ತಿದ್ದ ನಿರ್ದೇಶಕನ ಮೇಲೂ ಕರ್ಣನ ಪಾತ್ರದ ಈರಣ್ಣನ ಮೇಲೂ ನೆಟ್ಟಿತ್ತು.

“ನನ್ನ ಪಾತ್ರ ಕಸಗೊಳ್ಳಾಕ ಹೊಂಚು ಹಾಕ್ಯಾರ ನೀಲವ್ವ. ನಾ ತಪ್ಪಲಿ ಅಂತ ಆ ಈರಣ್ಣ ಬೇಕಂತನ ಮಾತು ಬಾಯಾಗ ನುಂಗ್ತಾನ. ಈಗ ನೋಡು, ಏನು ಗುಸುಗುಸು! ನಿನಗರ ಕೇಳಸ್ತೈತೇನು?”

ಮೂವತ್ತು ವರ್ಷ ಅವರೆದುರು ಭಾನುಮತಿಯಾಗಿದ್ದ ನೀಲವ್ವ ಅವರ ಕಿವಿಯ ಹತ್ತಿರ ಬಾಗಿದಳು.

“ಇಷ್ಟು ದೂರ ಹೆಂಗ ಕೇಳಸ್ತೈತ್ರೀ? ಸುಮ್ಮನ ಕುಂದರ್ರಿ.”

“ನೀನೂ ಅವರ ಕಡೀಗೆ ಸೇರಿದೇನು?”



ಅಷ್ಟರಲ್ಲಿ ಆ ಊರಿನ ಮಾರ್ಗದರ್ಶಿ ವೇದಿಕೆಯ ನಡುವೆ ನಿಂತು, ಆ ಕಟ್ಟಡದ ಹೆಚ್ಚುಗಾರಿಕೆ ತೋರಿಸಲು ಒಂದು ಬೆಂಕಿಕಡ್ಡಿ ಗೀರಿದ.

ಗವಿಸಿದ್ದಪ್ಪನವರಿಗೆ ಸಣ್ಣದೊಂದು ಉರಿ ಕಂಡಿತು, ಅಷ್ಟೆ. ಕಡ್ಡಿ ಗೀರಿದ ಸದ್ದು ಅಷ್ಟು ಮೇಲಕ್ಕೂ ಕೇಳಿಸಿತೆಂದು ಅವರ ಸುತ್ತ ಕೂತವರೆಲ್ಲ ಚಪ್ಪಾಳೆ ತಟ್ಟಿದರು, ನೀಲವ್ವ ಒಬ್ಬಳನ್ನು ಬಿಟ್ಟು.