ನಾಲ್ಕನೇ ಟೀಸಿ

ಈ ವಾರ ಟೀಸಿ ಕೇಳಿಕೊಂಡು ಬಂದವರಲ್ಲಿ ಸಿಂಚನಳ ತಾಯಿ ನಾಲ್ಕನೆಯವಳು. ಮುಖ್ಯಶಿಕ್ಷಕಿ ಜಯಶೀಲಾ ಕುಳಿತಲ್ಲಿ ಕೂರಲಾಗದೆ ಎದ್ದು ಕಿಟಕಿಯವರೆಗೆ ಹೋಗಿ ಬಂದರು. ಇನ್ನೊಂದು ಮಗು ಹೋದರೆ ಈ ಪುಟ್ಟ ಸರ್ಕಾರಿ ಶಾಲೆಗೆ ಬೀಗ ಬೀಳುವುದು ಖಂಡಿತ. ಎರಡು ವರ್ಷದಿಂದ ದಿನವೂ ಸಂಜೆ ಆರರವರೆಗೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದು ಕಲಿಸಿದ್ದು ಇದಕ್ಕೇನಾ?

“ಪಾಠ ಸರಿಯಿಲ್ವೇನಮ್ಮಾ? ಊಟ ಚೆನ್ನಾಗಿಲ್ವಾ? ಯಾರಾದ್ರೂ ಹೊಡೆದ್ರಾ?”

“ಅಯ್ಯೋ, ಏನೂ ಕಮ್ಮಿ ಇಲ್ಲ ಮಿಸ್!”

“ಮತ್ತೆ ಯಾಕೆ ಬಿಡಿಸ್ತಿದ್ದೀರಿ?”

ತಾಯಿ ಮೇಜಿನ ಮೇಲೆ ಪೇಡದ ಡಬ್ಬಿ ಇಟ್ಟು ಅವರ ಕಾಲು ಮುಟ್ಟಿದಳು.

“ಓದೋಕೇ ಬರಲ್ಲ ಅಂತ ಅವತ್ತು ಕಾನ್ವೆಂಟಿನವರು ನನ್ನ ಮಗಳನ್ನ ವಾಪಸ್ ಕಳಿಸಿದ್ರಲ್ಲ, ಈಗ ನಿಮ್ಮಿಂದ ಓದು ಬಂತು ನೋಡಿ, ಅವರೇ ಕರೆದು ಸೀಟು ಕೊಟ್ರು!”