ಏಳು ನೀಲಿ ಹರಳು

ದುಡಿದವರ ಬೆವರು ಹರಳುಗಟ್ಟತೊಡಗಿದ ಮೇಲೆ ವಿಜಯಪುರದಲ್ಲಿ ಬಂಗಾರ ಕೇಳುವವರೇ ಇಲ್ಲವಾಗಿದ್ದರು. ದಿನವಿಡೀ ಮೈಮುರಿದು ದುಡಿದರೆ ಸಂಜೆಗೆ ಹಣೆಯಿಂದ ಉದುರುವುದು ಒಂದೇ ಹರಳು. ಅದರ ಬಣ್ಣವೂ ಒಬ್ಬೊಬ್ಬರದು ಒಂದೊಂದು. ರೊಟ್ಟಿ ಅಂಗಡಿಯ ಬಾಳವ್ವನದು ಕುಂಕುಮದ ಕೆಂಪು. ಹಂಚಿನ ಹತ್ತಿರ ಸುಳಿಯಗೊಡದೆ ಓದಿಸಿದ ಮಗಳು ದಾನೇಶ್ವರಿ ಡಿಗ್ರಿ ಪಾಸಾದಾಗ, ಅವಳಿಗೊಂದು ಸರ ಮಾಡಿಸಲೆಂದು ಬಾಳವ್ವ ಮೂರು ವರ್ಷದ ಹರಳಿನ ಗಂಟನ್ನು ಅಕ್ಕಸಾಲಿಗ ಮೋನಪ್ಪನ ಮುಂದೆ ಬಿಚ್ಚಿ ಸುರಿದಳು.

ಮೋನಪ್ಪ ಆರಿಸುತ್ತ ಆರಿಸುತ್ತ ಏಳು ನೀಲಿ ಹರಳುಗಳನ್ನು ಪಕ್ಕಕ್ಕೆ ಸರಿಸಿದ. "ಬೆರಕಿ ಐತಲ್ಲ ಬಾಳಕ್ಕ. ಇವು ಯಾರವು?"

ಬಾಳವ್ವನಿಗೆ ಮೈಯೆಲ್ಲ ಉರಿದುಹೋಯಿತು. "ಮಂದಿ ಬೆವರು ಕದ್ದು ಮಗಳ ಕೊಳ್ಳಾಗ ಹಾಕಾಕಿ ಅಲ್ಲೋ ನಾ!"

ಪಕ್ಕದಲ್ಲಿ ನಿಂತಿದ್ದ ದಾನೇಶ್ವರಿ ತಲೆ ತಗ್ಗಿಸಿದಳು. "ನನ್ನವು ಯವ್ವಾ. ನಿನಗ ಜ್ವರ ಬಂದಾಗ ಏಳು ದಿನ ಅಂಗಡಿ ಮುಚ್ಚೈತಿ ಅಂತ ಸುಳ್ಳ ಹೇಳಿದ್ದೆ. ನಾನ ಕುಂತು ರೊಟ್ಟಿ ಬಡದೆ. ಬಿದ್ದ ಹರಳು ನಿನ್ನ ಗಂಟಿನ್ಯಾಗ ಹಾಕಿದೆ."

ಬಾಳವ್ವ ಒಂದು ಹರಳನ್ನೆತ್ತಿ ಬಾಗಿಲ ಬಿಸಿಲಿಗೆ ಹಿಡಿದಳು. ಮಗಳ ಬಣ್ಣವನ್ನು ಅವಳು ಕಂಡದ್ದು ಅದೇ ಮೊದಲು. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು, ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದಳು:

"ಕೆಂಪೆಲ್ಲಾ ಆಕಿ ಸರಕ್ಕ ಪೋಣಸು, ಮೋನಪ್ಪ. ನೀಲಿ ನನಗ. ಕಿವಿಗೆ ಮೂರು ಮೂರು, ಉಳದದ್ದು ಮೂಗಿಗೆ. ಓಣ್ಯಾಗಿನ ಮಂದಿ 'ಯಾರವು?' ಅಂತ ಕೇಳಬೇಕು ನೋಡು, ಹಂಗ ಎದ್ದು ಕಾಣಬೇಕು."