ಚುರುಕು ತಂಡದ ಒಮ್ಮತ

ಬಾಗಿಲಿನ ಸಾಫ್ಟ್‌ವೇರ್ ಕೆಟ್ಟು ನಾಗವೇಣಿ ಚಂದ್ರನ ಮೇಲಿನ ಕಚೇರಿಯ ಕೋಣೆಯೊಂದರಲ್ಲಿ ಸಿಕ್ಕಿಕೊಂಡಳು. ಉಸಿರಾಡಲು ಒಂದು ಗಂಟೆಯ ಗಾಳಿಯಿತ್ತು. ಚುರುಕಿಗೆ ಹೆಸರಾದ ಅಜೈಲ್ ತಂಡವಾದ್ದರಿಂದ ನಿಯಮವೂ ಇತ್ತು: ಕೆಲಸ ಎಷ್ಟು ದೊಡ್ಡದೆಂದು ಎಲ್ಲರೂ ಒಂದೇ ಅಂಕ ಹೇಳುವವರೆಗೆ ಯಾರೂ ಕೋಡ್ ಮುಟ್ಟುವಂತಿಲ್ಲ.

ನಾಗವೇಣಿ "ಒಂದು" ಎಂದಳು. ಮಂಗಳಗ್ರಹದಿಂದ ಚನ್ನವೀರ ಹೇಳಿದ್ದು ಇಪ್ಪತ್ತು ನಿಮಿಷಕ್ಕೆ ಬಂದು ಮುಟ್ಟಿತು: "ಎಂಟು."

"ಒಮ್ಮತ ಬರ್ಲಿಲ್ಲಮ್ಮ. ಇನ್ನೊಂದ್ಸಲ," ಎಂದರು ದಾವಣಗೆರೆಯಿಂದ ಮುಖ್ಯಸ್ಥ ಪಂಚಾಕ್ಷರಪ್ಪ.

"ಉಸಿರು ಕಟ್ತಿದೆ ಸಾರ್! ಎಂಟೇ ಅಂತ ಬರ್ಕೊಳಿ, ನಂದೇನೂ ತಕರಾರಿಲ್ಲ."

ಮತ್ತಿಪ್ಪತ್ತು ನಿಮಿಷಕ್ಕೆ ಚನ್ನವೀರನ ದನಿ ಬಂತು: "ಪಾಪ, ಅಕ್ಕ ಒಳಗೆ ಸಿಕ್ಕೊಂಡಿದಾರೆ. ಅವರು ಹೇಳಿದ್ದೇ ಆಗ್ಲಿ ಸಾರ್. ನಂದೂ ಒಂದು."

ಪಂಚಾಕ್ಷರಪ್ಪ ದೀರ್ಘವಾಗಿ ನಿಟ್ಟುಸಿರು ಬಿಟ್ಟರು. ಅವರಿದ್ದಲ್ಲಿ ಗಾಳಿಗೇನೂ ಕೊರತೆಯಿರಲಿಲ್ಲ.

"ಇನ್ನೊಂದ್ಸಲ," ಎಂದರು.